ವಾಚನ ಗಟ್ಟಿ

ಭಾನುವಾರ ಸಂಜೆ ಐದು ಗಂಟೆಗೆ ಎಲ್ಲರ ಮುಂದೆ ನಿಂತು ಓದುವುದಕ್ಕೆಂದು ಎರಡು ಹಾಳೆ ಬರೆದಿಟ್ಟಿದ್ದೇನೆ. ಇವತ್ತಿನ್ನೂ ಗುರುವಾರ. ಈಗಲೇ ಅಂಜಿಕೆ ಬಂದು ಕೂತಿದೆ. ಬಾಯಾರು ತೀರಿಕೊಂಡು ತಿಂಗಳಾಯಿತು, ವಾಚನಾಲಯದಲ್ಲಿ ಅವರ ನೆನಪಿನ ಸಭೆ. "ನೀವೇ ಬರಕೊಂಡು ಬರ್ರಿ, ಅವರ ಕೂಡ ಎಂಟು ವರ್ಷ ಇದ್ದವ್ರು ನೀವಽ" ಎಂದು ಸಮಿತಿಯವರು ಹೇಳಿದಾಗ ಹೂಂ ಅಂದುಬಿಟ್ಟೆ. ಕೇಳಿದ್ದಕ್ಕೆಲ್ಲ ಹೂಂ ಅನ್ನುವುದು ನನ್ನ ಹಳೆಯ ಚಟ. ಅದರಿಂದ ನಾನು ಪಟ್ಟ ಪಾಡು ನನಗೇ ಗೊತ್ತು.

ಮೊದಲ ಹಾಳೆಯ ಚಿಂತೆಯಿಲ್ಲ. ಅದರಲ್ಲಿ ಬಾಯಾರು ಎಷ್ಟು ಒಳ್ಳೆಯವರಾಗಿದ್ದರು, ಎಷ್ಟು ದುಡಿದರು ಎಂಬುದೆಲ್ಲ ಇದೆ. ಹೆದರಿಕೆ ಎರಡನೆಯದರದ್ದು. ಬಾಯಾರೂ ನಾನೂ ಎಂಟು ವರ್ಷ ಮುಚ್ಚಿಟ್ಟುಕೊಂಡ ಒಂದು ಸುಳ್ಳು ಅದರಲ್ಲಿದೆ. ಸಭೆಗೆ ಸೊಲ್ಲಾಪುರದ ಪ್ರತಿಷ್ಠಾನದ ಮ್ಯಾಡಮ್ಮೂ ಬರುತ್ತಾರೆ. ನಮ್ಮ ಓದಿನ ಕಾರ್ಯಕ್ರಮ ನಡೆಯುವುದು ಆ ಪ್ರತಿಷ್ಠಾನದ ನೆರವಿನಿಂದ. ಬಾಯಾರ ಜಾಗಕ್ಕೆ ನನ್ನನ್ನು ಇಡಬಹುದೋ ಬೇಡವೋ ಎಂದು ಬರೆದುಕೊಡುವವರೂ ಅವರೇ. ಎರಡನೆಯ ಹಾಳೆ ಓದಿದರೆ ನನ್ನ ಕೆಲಸ ಹೋಗಬಹುದು. ಓದದಿದ್ದರೆ ಬಾಯಾರ ಬಗ್ಗೆ ನಾನು ಏನೂ ಹೇಳಿದಂತಾಗುವುದಿಲ್ಲ. ಏನು ಮಾಡಲಿ ಎಂದು ತಿಳಿಯದೆ, ಆ ಎರಡು ಹಾಳೆಗಳಲ್ಲಿ ಹಿಡಿಯದಿದ್ದುದನ್ನು ಇಲ್ಲಿ ಬರೆಯುತ್ತಾ ಕೂತಿದ್ದೇನೆ.

ನಮ್ಮ ಕಡೆ ಸಾಲಿ ಕಲಿಸುವ ಹೆಂಗಸಿಗೆ ಬಾಯಿ ಅನ್ನುತ್ತಾರೆ, ಗೌರವ ಹೆಚ್ಚಾದರೆ ಬಾಯಾರು. ಇವರು ಸಾಲಿ ಕಲಿಸಿದವರಲ್ಲ, ಗಡಿಗೆ ಅಂಟಿದ ಮರಾಠಿ ಸೀಮೆಯ ಅಕ್ಕಲಕೋಟದ ಹಳೆಯ ವಾಚನಾಲಯ ನೋಡಿಕೊಳ್ಳುತ್ತಿದ್ದವರು. ಆದರೂ ಊರಿಗೆಲ್ಲ ಬಾಯಾರೇ. ಕುಳ್ಳಗೆ, ಕಪ್ಪಗೆ, ಇಳಕಲ್ಲ ಸೀರೆ, ಮುಡಿಯಲ್ಲಿ ಸಿಕ್ಕಿಸಿದ ಮೊಂಡು ಪೆನ್ಸಿಲ್ಲು. ಪುಟ ತಿರುವಲು ಅವರು ಬೆರಳಿಗೆ ಎಂಜಲು ಹಚ್ಚುತ್ತಿರಲಿಲ್ಲ, ಹಚ್ಚಿದವರನ್ನು ಬಿಡುತ್ತಲೂ ಇರಲಿಲ್ಲ. ಮುಡಿಯಿಂದ ಪೆನ್ಸಿಲ್ಲು ತೆಗೆದು ಅದರ ಹಿಂದಿನ ತುದಿಯಿಂದ ಹಾಳೆಯನ್ನು ಎಬ್ಬಿಸುವರು, ತಿರುವುವರು, ಮೇಜಿಗೆ ಒಮ್ಮೆ ಟಕ್ ಎಂದು ಬಡಿಯುವರು. ಮುದುಕರಿಗೆ ಇಂಥ ಒಂದೊಂದು ಖಯಾಲಿ ಇರುತ್ತದೆ ಎಂದುಕೊಂಡಿದ್ದೆ.

ಅವರು ಜೋರಾಗಿ ಬೈದರೆ ನಾವು ನಕ್ಕು ಸುಮ್ಮನಾಗುತ್ತಿದ್ದೆವು. ಮೆಲ್ಲಗೆ ಮಾತಾಡಿದರೆ ಮಾತ್ರ ಕೈಕಾಲು ತಣ್ಣಗಾಗುತ್ತಿದ್ದವು. ಒಮ್ಮೆ ದೊಡ್ಡ ಮನುಷ್ಯನೊಬ್ಬ ಪುಸ್ತಕದ ನಡುವಿನ ಚಿತ್ರ ಹರಿದುಕೊಂಡು ಹೋಗಿ ಮತ್ತೊಂದು ಪುಸ್ತಕ ಕೇಳಲು ಬಂದ. ಬಾಯಾರು ಬಗ್ಗಿ, ಅವನ ಕಿವಿಯ ಹತ್ತಿರ ಏನೋ ಅಂದರು. ನಮಗೆ ಯಾರಿಗೂ ಕೇಳಿಸಲಿಲ್ಲ. ಅವನು ಮರುದಿನ ಚಿತ್ರವನ್ನು ಅಂಟಿಸಿ ತಂದುಕೊಟ್ಟು, ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡೇ ಮೆಟ್ಟಿಲು ಇಳಿದ.

ನಾನು ಹುಟ್ಟಾ ಅಂಜುಬುರುಕಿ. ಬಸ್ಸು ತಡವಾದರೂ ಅಂಜಿಕೆ, ಫೋನು ರಿಂಗಾದರೂ ಅಂಜಿಕೆ. ಅದನ್ನು ನೋಡಿ ಅವರು ಹೇಳುತ್ತಿದ್ದ ಒಂದು ಮಾತು ಇತ್ತು. "ಅಂಜಿಕಿ ಬಂದ್ರ ಬರ್ಲೇಳವಾ. ಖುರ್ಚಿ ಹಾಕಿ ಕುಂದ್ರಸು, ಕುಡ್ಯಾಕ ನೀರು ಕೊಡು. ನಿನ್ನ ಕೆಲಸ ನೀ ಮಾಡು. ತಾನಽ ಎದ್ದು ಹೊಕ್ಕೈತಿ." ನನ್ನ ಅಂಜಿಕೆ ಎದ್ದು ಹೋಗಲಿಲ್ಲ. ಊಟಕ್ಕೂ ನಿಂತಿತು.

ಪ್ರತಿಷ್ಠಾನದ ಕಥೆ ಹೀಗೆ. ಹಿಂದೊಮ್ಮೆ ಸೊಲ್ಲಾಪುರದಲ್ಲಿ ಚಾದರದ ಕಾರಖಾನೆ ನಡೆಸಿದ ಮನೆತನದವರು ಧರ್ಮಕ್ಕೆಂದು ಅದನ್ನು ಕಟ್ಟಿದ್ದರು. ಅವರು ಹಳ್ಳಿ ಪಟ್ಟಣಗಳ ವಾಚನಾಲಯಗಳಿಗೆ ನೆರವು ಕೊಡುತ್ತಾರೆಂದು ತಿಳಿದು ಬಾಯಾರು ಅರ್ಜಿ ಹಾಕಿಸಿದರು. ಒಂದು ದಿನ ಟೆಂಪೋ ಬಂತು. ಮಕ್ಕಳಿಗೆ ಬಣ್ಣದ ಚಾಪೆ, ಚಿತ್ರದ ಪುಸ್ತಕ. ಕಣ್ಣು ಮಂಜಾದ ಹಿರಿಯರಿಗೆ ದೊಡ್ಡ ಅಕ್ಷರದ ಪುಸ್ತಕ. ಮರಾಠಿಯವೂ ಇದ್ದವು, ಕನ್ನಡದವೂ ಇದ್ದವು. ಇಪ್ಪತ್ತು ಖುರ್ಚಿ, ಪ್ರತಿಯೊಂದರ ಬೆನ್ನಿಗೂ ಪ್ರತಿಷ್ಠಾನದ ಹೆಸರಿನ ಚೀಟಿ. ಜೊತೆಗೆ ಒಬ್ಬ ಸಹಾಯಕಿಯ ಪಗಾರ. ಆ ಸಹಾಯಕಿ ನಾನು.

ಕುರನೂರಿನ ಮಾಳವ್ವಜ್ಜಿ ಮೊದಲ ದಿನವೇ ಬಂದಳು. ಜೀವಮಾನವೆಲ್ಲ ಕುರಿ ಕಾಯ್ದವಳು, ಬೀರೋಬನ ಭಕ್ತೆ, ಅಕ್ಷರದ ಗಂಧವಿಲ್ಲ. ಅಕ್ಕಲಕೋಟದ ಮಗಳ ಮನೆಯಲ್ಲಿ ಹೊತ್ತು ಹೋಗದೆ ನಮ್ಮಲ್ಲಿಗೆ ಬರುತ್ತಿದ್ದಳು. ಕೂರುವ ಮುಂಚೆ ಖುರ್ಚಿಯ ಚೀಟಿ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು.

"ಕುಂದ್ರಬೇ, ಅದು ದೇವರ ಹೆಸರಲ್ಲ. ಖುರ್ಚಿ ಕೊಟ್ಟವರದು" ಅಂದರು ಬಾಯಾರು.

"ಕೊಟ್ಟವರಿಗೆ ಕೈ ಮುಗೀಬಾರದೇನ್ರಿ?"

"ಮುಗಿ. ಆದ್ರ ಮುಗದು ಅದರ ಮ್ಯಾಲ ಕುಂದ್ರಾಕಿ ನೀನಽ ಅಲಾ!"

ನೆರವಿಗೆ ಒಂದು ಕರಾರು ಇತ್ತು. ಮಕ್ಕಳು, ಹೆಂಗಸರು, ಹಿರಿಯರು, ಯಾವ ವಯಸ್ಸಿನವರೂ ಬಿಟ್ಟುಹೋಗದಂತೆ ವಾರವಾರ 'ವಾಚನ ಗಟ' ನಡೆಸಬೇಕು. ಮರಾಠಿಯಲ್ಲಿ ಗಟ ಎಂದರೆ ಗುಂಪು. ಐದಾರು ಜನ ಒಂದೆಡೆ ಕೂತು, ತಮ್ಮ ತಮ್ಮ ಪುಸ್ತಕ ಓದಿ, ಆಮೇಲೆ ಮಾತಾಡುವ ಗುಂಪು. ನಾನು ಓದಿದ್ದರೆ ಈ ಅರ್ಥ ತಿಳಿಯುತ್ತಿತ್ತು, ಆದರೆ ಆ ಪತ್ರ ಬಂದದ್ದು ನಾನು ಸೇರುವ ಮುಂಚೆ. ಓದಿದವರು ಬಾಯಾರು. ನಾನು ಸೇರುವಷ್ಟರಲ್ಲಿ ಅವರ ಅಪ್ಪಣೆ ಹೊರಟಿತ್ತು: "ಗಟ್ಟಿ ಓದಬೇಕು. ಎಲ್ಲಾರೂ ಗಟ್ಟಿ ಓದಬೇಕು. ಪತ್ರದಾಗ ಬರದಾರ, ವಾಚನ ಗಟ್ಟಿ."

ನಲವತ್ತು ವರ್ಷದಿಂದ ಗೋಡೆಯ ಮೇಲಿದ್ದ 'ಶಾಂತತಾ ಪಾಳಾ', ಅಂದರೆ ಸದ್ದು ಮಾಡಬೇಡಿ, ಎಂಬ ಬೋರ್ಡು ಕೆಳಗಿಳಿಯಿತು. ಬಾಯಾರು ಅದನ್ನು ತಿರುವಿ ಹಾಕಿ ಬೆನ್ನ ಮೇಲೆ ವೇಳಾಪತ್ರಿಕೆ ಬರೆದರು. ಬೆಳಿಗ್ಗೆ ಚಾಪೆಯ ಮೇಲೆ ಮಕ್ಕಳು, ಮಧ್ಯಾಹ್ನ ಸೊಪ್ಪು ಸೋಸುತ್ತಾ ಹೆಂಗಸರು, ಸಂಜೆ ಖುರ್ಚಿಗಳ ಮೇಲೆ ಹಿರಿಯರು. ಒಬ್ಬರು ಎದ್ದು ನಿಂತು ಓದುವುದು, ಉಳಿದವರು ಕೇಳುವುದು. ಒಂದು ಪಾಳಿ ಮರಾಠಿ, ಒಂದು ಪಾಳಿ ಕನ್ನಡ. ಕೆಳಗಿನ ಚಪ್ಪಲಿ ಅಂಗಡಿಯವನು ಮೇಲೆ ಬಂದು ಜಗಳ ತೆಗೆದ. "ಬಾಯಾರ, ಇದು ವಾಚನಾಲಯನೋ ಭಾಜಿ ಮಂಡಿನೋ? ಗಿರಾಕಿ ನಂಬರ್ ಹೇಳಿದ್ದು ನನಗ ಕೇಳಸವಲ್ದು."

"ಏಳು ನಂಬರ್ ಬೇಡಿದ್ರ ಎಂಟು ಕೊಡು. ಅದರಾಗ ಕಾಲರೆ ಹಿಡಸ್ತಾವ" ಅಂದರು. ನಾಲ್ಕು ದಿನ ಬಿಟ್ಟು ಅವನ ಹೆಂಡತಿಯೇ ಬಂದು ಮಧ್ಯಾಹ್ನದ ಪಾಳಿಯಲ್ಲಿ ಕೂತಳು.

ಇನ್ನು ನನ್ನ ಸುಳ್ಳು.

ನಾನು ವಳಸಂಗದವಳು, ಕೊಟ್ಟದ್ದೂ ಅದೇ ಊರಿಗೆ. ಹುಟ್ಟಿದಾಗಿನಿಂದ ಮನೆಯಲ್ಲಿ ಕನ್ನಡವೇ. ಜಗಳ, ಅಳು, ಹಾಡು, ಎಲ್ಲ ಕನ್ನಡದಲ್ಲಿ. ಆದರೆ ಕಲಿತ ಸಾಲಿ ಮರಾಠಿ. ನನಗೆ ಕನ್ನಡದ ಒಂದು ಅಕ್ಷರವೂ ಗೊತ್ತಿರಲಿಲ್ಲ. ಅವ್ವನಿಗೆ ಚೀಟಿ ಬರೆಯಬೇಕಾದರೆ ಕನ್ನಡದ ಮಾತನ್ನು ಮರಾಠಿ ಅಕ್ಷರದಲ್ಲಿ ಬರೆಯುತ್ತಿದ್ದೆ, ನಮ್ಮ ಕಡೆ ನನ್ನ ವಯಸ್ಸಿನವರೆಲ್ಲ ಹಾಗೆಯೇ. ಸಹಾಯಕಿಯ ಕೆಲಸಕ್ಕೆ ಸೊಲ್ಲಾಪುರದಲ್ಲಿ ಸಂದರ್ಶನ ಮಾಡಿದವರು ಮರಾಠಿಯಲ್ಲಿ ಕೇಳಿದರು, "ಕನ್ನಡ ವಾಚತಾ ಯೇತಂ ನಾ?" ಕನ್ನಡ ಓದಲು ಬರುತ್ತದೆ ತಾನೇ? ನಾನು ಹೌದೆಂದು "ಹೋ" ಅಂದೆ. ಅರ್ಜಿಯಲ್ಲಿ ಸಹಿಯನ್ನೂ ಮಾಡಿದೆ. ನಮ್ಮ ಮನೆಯಲ್ಲಿ ಹೊರಗೆ ಕೆಲಸಕ್ಕೆ ಹೊರಟ ಮೊದಲ ಸೊಸೆ ನಾನು. ಅತ್ತೆ "ನೋಡೂಣು, ಎಷ್ಟು ದಿನ ಇಟ್ಕೋತಾರ" ಎಂದಿದ್ದರು. ಒಂದು ಸಲ ಮರಳಿ ಮನೆ ಸೇರಿದರೆ ಮತ್ತೆ ಆ ಬಸ್ಸು ಹತ್ತುವ ಮಾತೇ ಇರಲಿಲ್ಲ.

ಮರಾಠಿ ಪಾಳಿ ಬಂದರೆ ನಾನು ಹುಲಿ. ಕನ್ನಡ ಪಾಳಿ ಬಂದರೆ ಇಲಿ. ಅದಕ್ಕೊಂದು ಉಪಾಯ ಹುಡುಕಿಕೊಂಡೆ. ಬಾಯಾರು ಮಕ್ಕಳಿಗೆ ಕಥೆ ಓದುವಾಗ ಚೀಲದಲ್ಲಿ ಫೋನು ಇಟ್ಟು ದನಿ ಮುದ್ರಿಸಿಕೊಳ್ಳುತ್ತಿದ್ದೆ. ವಳಸಂಗದಿಂದ ಅಕ್ಕಲಕೋಟದವರೆಗೆ ಎಸ್ಟಿ ಬಸ್ಸಿನಲ್ಲಿ ಕಿವಿಗೆ ವೈರು ಸಿಕ್ಕಿಸಿ ಅದನ್ನೇ ಕೇಳುವುದು, ತುಟಿ ಅಲ್ಲಾಡಿಸುವುದು. ಪಕ್ಕದವರು ನಾನು ಜಪ ಮಾಡುತ್ತಿದ್ದೇನೆ ಎಂದುಕೊಂಡು ಜಾಗ ಬಿಡುತ್ತಿದ್ದರು. ಹೀಗೆ ಆರು ಕಥೆ ಬಾಯಿಪಾಠವಾದವು. ಪುಸ್ತಕಗಳನ್ನು ಮುಖಪುಟದ ಚಿತ್ರದಿಂದ ಗುರುತು ಹಿಡಿಯುತ್ತಿದ್ದೆ. ನನ್ನ ಪಾಳಿ ಬಂದಾಗ ಆ ಆರರಲ್ಲೇ ಒಂದನ್ನು ತೆಗೆದು, ಕಣ್ಣನ್ನು ಪುಟದ ಮೇಲೆ ಓಡಾಡಿಸುತ್ತಾ ಹೇಳಿ ಮುಗಿಸುತ್ತಿದ್ದೆ. ಮುಗಿಯುವ ಹೊತ್ತಿಗೆ ರವಿಕೆಯ ಬೆನ್ನು ಒದ್ದೆ.

ಮಾಳವ್ವಜ್ಜಿ ಒಬ್ಬಳೇ ತಕರಾರು ಮಾಡುತ್ತಿದ್ದಳು. ಗಂಟೆ ಕಳೆದುಕೊಂಡ ಕುರಿಮರಿಯ ಕಥೆಯಲ್ಲಿ ಮರಿ ತಾಯಿಯನ್ನು ಹುಡುಕುತ್ತಾ ಮೂರು ಸಲ ಕೂಗುತ್ತದೆ. "ಸುಳ್ಳ ಬರದಾನ. ತಪ್ಪಿಸಿಕೊಂಡ ಮರಿ ಎಣಿಸಿ ಒದರತೈತೇನ? ಉಸರು ಹಿಡ್ಯೂತನಕ ಒದರತೈತಿ" ಎಂದು ಒದರಿಯೇ ತೋರಿಸುತ್ತಿದ್ದಳು. ಕೆಳಗೆ ಚಪ್ಪಲಿ ಅಂಗಡಿಯವನು ತಲೆ ಮೇಲೆ ಕೈ ಹೊತ್ತುಕೊಳ್ಳುತ್ತಿದ್ದ.

ಹೀಗೆ ಎಂಟು ತಿಂಗಳು ಕಳೆದ ಮೇಲೆ ಪ್ರತಿಷ್ಠಾನದಿಂದ ಟಪಾಲು ಬಂತು. ಮರಾಠಿ ಟಪಾಲು ಬಂದಾಗೆಲ್ಲ ಬಾಯಾರಿಗೆ ಕಣ್ಣು ಉರಿಯುತ್ತಿತ್ತು, ಇಲ್ಲವೇ ಚಾಳೀಸು ಕನ್ನಡಕದ ನಂಬರು ಬದಲಾಗಿರುತ್ತಿತ್ತು. "ನೀ ಓದಿ ಹೇಳವಾ" ಅಂದರು. ಓದಿದೆ. ಶನಿವಾರ ಭೇಟಿಗೆ ಬರುತ್ತೇವೆ, ಕರಾರಿನಂತೆ ಕಾರ್ಯಕ್ರಮ ನಡೆಯುತ್ತಿಲ್ಲವೆಂದು ಕಂಡರೆ ನೆರವು ನಿಲ್ಲಿಸಬೇಕಾಗುತ್ತದೆ ಎಂದಿತ್ತು. ನನ್ನನ್ನೇ ಪರೀಕ್ಷಿಸಲು ಬರುತ್ತಿದ್ದಾರೆ, ಯಾರೋ ಹೇಳಿಕೊಟ್ಟಿದ್ದಾರೆ ಎಂದೇ ನನಗೆ ಅನ್ನಿಸಿತು. ಬಾಯಾರು ಎದ್ದು ಹೋಗಿ ಕೊಡದಿಂದ ನೀರು ಕುಡಿದರು. ಒಂದು ತಂಬಿಗೆ, ಮತ್ತೊಂದು ತಂಬಿಗೆ. ಆಗಲೇ ನನಗೆ ಹೊಳೆಯಬೇಕಾಗಿತ್ತು.

ಶನಿವಾರ ಮೂರೂ ಪಾಳಿಯವರನ್ನು ಒಟ್ಟಿಗೆ ಕರೆಸಿದ್ದೆವು. ಮ್ಯಾಡಮ್ ಬಂದರು, ತೆಳ್ಳಗಿನ ಹೆಂಗಸು, ಕೈಯಲ್ಲಿ ಫೈಲು, ಮಾತು ಶುದ್ಧ ಮರಾಠಿ. ಸುತ್ತ ನೋಡಿ ಕೇಳಿದರು, "ಗಟ ಕುಠೇ ಆಹೇತ?" ಗುಂಪುಗಳು ಎಲ್ಲಿವೆ?

ಬಾಯಾರು ಮುಖ ಅರಳಿಸಿ, "ಹೋ, ಹೋ! ಗಟ್ಟಿಚ ವಾಚತಾತ ಸಗಳೇ!" ಅಂದರು. ಎಲ್ಲರೂ ಗಟ್ಟಿಯಾಗಿಯೇ ಓದುತ್ತಾರೆ ಎಂದು ತಮ್ಮ ಮರಾಠಿಯಲ್ಲಿ ಹೇಳಿದ್ದು.

ಮ್ಯಾಡಮ್ಮಿನ ಹುಬ್ಬು ಮೇಲೇರಿತು. "ಘಟ್ಟ? ಘಟ್ಟ ಮ್ಹಣಜೇ?" ಮರಾಠಿಯಲ್ಲಿ ಘಟ್ಟ ಎಂದರೆ ಬಿಗಿ. ಬಿಗಿಯಾಗಿ ಓದುವುದು ಎಂದರೇನು ಎಂದು ಅವರಿಗೆ ತಿಳಿಯಲಿಲ್ಲ. ಫೈಲಿನಿಂದ ಹಳೆಯ ಪತ್ರದ ಪ್ರತಿ ತೆಗೆದು, ಬೆರಳಿಟ್ಟು ಓದಿ ತೋರಿಸಿದರು. ನಾವು ಕೇಳಿದ್ದು ವಾಚನ ಗಟ. ನಿಮ್ಮ ವರದಿಯಲ್ಲಿ ಪ್ರತಿ ಸಲ ಬರುವುದು ಗಟ್ಟಿಯಾಗಿ ಓದಿದೆವು, ಗಟ್ಟಿಯಾಗಿ ಓದಿದೆವು. ಗುಂಪುಗಳನ್ನು ಮಾಡಿಯೇ ಇಲ್ಲವೇನು? ಆ ವರದಿಗಳನ್ನು ಬಾಯಾರು ಹೇಳಿದಂತೆ ಬರೆದವಳು ನಾನೇ.

ಬಾಯಾರು ಆ ಕಾಗದ ನೋಡಿದರು. ನೋಡುತ್ತಲೇ ಇದ್ದರು. ಮುಡಿಯ ಪೆನ್ಸಿಲ್ಲಿಗೆ ಹೋದ ಕೈ ಅಲ್ಲೇ ನಿಂತಿತು. ಅವರ ಮೋರೆಯ ಮೇಲೆ ನಾನು ಮೊದಲ ಸಲ ಅಂಜಿಕೆ ಕಂಡೆ, ಮತ್ತು ಯವ್ವಾ, ಅದು ನನ್ನದೇ ಅಂಜಿಕೆ! ಸಿಕ್ಕಿಬಿದ್ದವರ ಅಂಜಿಕೆ. ಅವರಿಗೆ ಆ ಕಾಗದ ತಿಳಿಯುತ್ತಿಲ್ಲ ಎಂದು ಆ ಕ್ಷಣ ನನಗೆ ಗೊತ್ತಾಯಿತು.

ನಾನು ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಆದರೆ ಅವರು ಹಾಗೆ ನಿಂತದ್ದನ್ನು ನೋಡಲಾಗಲಿಲ್ಲ. ಮುಂದೆ ಹೋಗಿ ಮರಾಠಿಯಲ್ಲಿ ಶುರು ಮಾಡಿದೆ. ಗಟಗಳು ಇವೆಯಲ್ಲ ಮ್ಯಾಡಮ್, ಚಾಪೆಯ ಮೇಲಿನದು ಮಕ್ಕಳ ಗಟ, ಆ ಕಡೆ ಹೆಂಗಸರ ಗಟ, ಖುರ್ಚಿಯ ಮೇಲೆ ಹಿರಿಯರ ಗಟ. ಇಲ್ಲಿ ಎಷ್ಟೋ ಜನರಿಗೆ ಅಕ್ಷರ ಬರುವುದಿಲ್ಲ, ಬಂದರೂ ಒಬ್ಬರಿಗೆ ಮರಾಠಿ, ಒಬ್ಬರಿಗೆ ಕನ್ನಡ. ಸುಮ್ಮನೆ ಓದಿದರೆ ಓದಿದವರಿಗಷ್ಟೇ ಆಯಿತು, ಅದಕ್ಕೇ ನಮ್ಮಲ್ಲಿ ಗಟ ಎಂದರೆ ಗಟ್ಟಿ. ಅಂಜಿದವಳ ನಾಲಿಗೆ ಅದು, ನಿಲ್ಲಲಿಲ್ಲ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಮ್ಯಾಡಮ್ಮಿನ ಹುಬ್ಬು ಕೆಳಗಿಳಿಯಿತು, ನಗು ಬಂತು. "ಛಾನ! ಹಾಗಾದರೆ ನೀವೇ ಒಂದು ಕನ್ನಡದ ಕಥೆ ಓದಿ, ಕೇಳುತ್ತೇನೆ" ಎಂದು ಕಪಾಟಿನಿಂದ ಒಂದು ಪುಸ್ತಕ ಎಳೆದು ನನ್ನ ಕೈಗೆ ಕೊಡಬಂದರು.

ಮುಖಪುಟದ ಮೇಲೆ ಒಂಟೆ ಇತ್ತು. ನನ್ನ ಆರರಲ್ಲಿ ಒಂಟೆ ಇರಲಿಲ್ಲ. ಎಲ್ಲ ಮುಗಿಯಿತು, ಅತ್ತೆ ಹೇಳಿದ್ದು ನಿಜವಾಯಿತು, ಸೋಮವಾರದಿಂದ ಬಸ್ಸಿಲ್ಲ ಎಂದು ಮಾತ್ರ ತಲೆಯಲ್ಲಿ ತಿರುಗುತ್ತಿತ್ತು. ಅಷ್ಟರಲ್ಲಿ ಬಾಯಾರು ನಡುವೆ ಕೈ ಹಾಕಿ ಆ ಪುಸ್ತಕ ತೆಗೆದುಕೊಂಡರು. "ಇದರ ಪಾನ ಬಿಚ್ಯಾವ್ರಿ, ಬೈಂಡಿಂಗಿಗೆ ಕಳಸೂದೈತಿ" ಎಂದು ಪುಟ ಕಳಚಿದ ನೆಪ ಹೇಳಿದರು. ಸೆರಗಿನಿಂದ ಒರೆಸಿ ಮತ್ತೊಂದನ್ನು ನನಗೆ ಕೊಟ್ಟರು. ಅದರ ಮೇಲೆ ಕುರಿಮರಿ ಇತ್ತು.

ನಿಂತು ಶುರು ಮಾಡಿದೆ. ಮಾತು ಬಂತು, ಆದರೆ ಎಲ್ಲಿ ಪುಟ ತಿರುವಬೇಕು ಎಂಬುದು ಮರೆತೇಹೋಯಿತು. ಚಿತ್ರದಲ್ಲಿ ಮರಿ ಹೊಳೆಯ ಹತ್ತಿರ ಇದೆ, ನನ್ನ ಬಾಯಲ್ಲಿ ಅದು ಹೊಳೆ ದಾಟಿ ಗುಡ್ಡ ಹತ್ತಿದೆ. ಮ್ಯಾಡಮ್ ಹತ್ತಿರ ಬಂದು ಪುಟದೊಳಗೆ ಇಣುಕಿದರು. ಅವರಿಗೆ ಕನ್ನಡ ಬಾರದಿದ್ದರೇನು, ಚಿತ್ರಕ್ಕೆ ಭಾಷೆ ಬೇಕೆ?

ಟಕ್.

ಮೇಜಿನ ಮೇಲೆ ಪೆನ್ಸಿಲ್ಲು. ತಿರುವಿದೆ. ಗುಡ್ಡ ಬಂತು. ಎರಡು ವಾಕ್ಯ, ಮೂರು, ಮತ್ತೆ ಟಕ್. ತಿರುವಿದೆ. ಮರಿಯ ಕೊರಳಿನ ಗಂಟೆ ಮುಳ್ಳುಕಂಟಿಯಲ್ಲಿ ಕಂಡಿತು. ಬಾಯಲ್ಲಿ ಕಥೆ ಹೇಳುತ್ತಾ ಹೇಳುತ್ತಾ ನನಗೆ ಹೊಳೆಯಿತು, ಈ ಸಪ್ಪಳ ನಾನು ಎಂಟು ತಿಂಗಳಿಂದ ಬಸ್ಸಿನಲ್ಲಿ ಕೇಳುತ್ತಿದ್ದೆ. ಫೋನಿನಲ್ಲಿ ಮುದ್ರಿಸಿಕೊಂಡ ದನಿಯಲ್ಲಿ ಪ್ರತಿ ಪುಟದ ಕೊನೆಗೂ ಇತ್ತು. ಅದು ಖಯಾಲಿಯಲ್ಲ. ನನ್ನ ಚೀಲದಲ್ಲಿ ಫೋನು ಇದೆ ಎಂದು ಬಾಯಾರಿಗೆ ಗೊತ್ತಿತ್ತು. ಇಲ್ಲಿ ತಿರುವು, ಇಲ್ಲಿ ತಿರುವು ಎಂದು ಅವರು ಮೊದಲಿನಿಂದ ನನಗೆ ಹೇಳಿಕೊಡುತ್ತಿದ್ದರು.

ಮ್ಯಾಡಮ್ ಚಪ್ಪಾಳೆ ತಟ್ಟಿದರು. ನೆರವು ಮುಂದುವರಿಯಿತು. ಮುಂದಿನ ಪತ್ರದಲ್ಲಿ ವಾಚನ ಗಟ ಎಂಬುದರ ಪಕ್ಕದಲ್ಲಿ 'ಮೋಠ್ಯಾನೇ', ಅಂದರೆ ಗಟ್ಟಿಯಾಗಿ, ಎಂದೂ ಸೇರಿತ್ತು.

ಅವತ್ತು ಎಲ್ಲರೂ ಹೋದ ಮೇಲೆ ಬಾಯಾರು ನನ್ನನ್ನು ಕರೆದರು. ಮೆಲ್ಲಗೆ ಮಾತಾಡಿದರು. "ಸೋಮವಾರದಿಂದ ಅರ್ಧಾ ತಾಸ ಮೊದಲ ಬಾ." ಅಷ್ಟೇ. ಭಾನುವಾರವೆಲ್ಲ ಊಟ ಸೇರಲಿಲ್ಲ.

ಸೋಮವಾರ ಹೋದರೆ ಮೇಜಿನ ಮೇಲೆ ಒಂದು ಪಾಟಿ, ಒಂದು ಬಳಪ. ಪಕ್ಕದಲ್ಲಿ ಕಪಾಟಿನ ಕೆಳಗಿನ ಖಾನೆಯಿಂದ ತೆಗೆದಿಟ್ಟ ಮರಾಠಿ ಕಾಗದಗಳ ಗಂಟು. ನಾನು ಅಳಲು ಶುರು ಮಾಡಿದೆ.

"ಯಾವಾಗಿಂದ ಗೊತ್ತಿತ್ತ್ರಿ ನಿಮಗ?"

"ಮೊದಲನೇ ದಿನದಿಂದ. ಕೈಯಾಗ ಪುಸ್ತಕ ಕೊಟ್ಟೆ. ನೀ ಚಿತ್ರ ನೋಡಿದಿ, ಹೆಸರು ನೋಡ್ಲಿಲ್ಲ."

"ಮತ್ತ ಯಾಕ ಹೇಳ್ಲಿಲ್ರಿ?"

ಅವರು ಗಂಟಿನ ಮೇಲೆ ಕೈಯಿಟ್ಟರು. ಅವರು ಗಡಿಯ ಆಚೆ, ಇಂಡಿ ಕಡೆಯವರು. ಕಲಿತದ್ದು ಕನ್ನಡ ಸಾಲಿ. ಗಂಡ ಈ ವಾಚನಾಲಯ ನೋಡಿಕೊಳ್ಳುತ್ತಿದ್ದಾಗ ಮರಾಠಿ ಟಪಾಲೆಲ್ಲ ಅವರದಿತ್ತು. ಗಂಡ ತೀರಿಕೊಂಡ ಮೇಲೆ ಕೆಲಸ ಬಾಯಾರಿಗೆ ಬಂತು, ಭಾಷೆ ಬರಲಿಲ್ಲ. ಅಕ್ಷರ ಕೂಡಿಸಿ ಓದುತ್ತಿದ್ದರು, ಆದರೆ ಕಚೇರಿಯ ಮರಾಠಿ ಅರ್ಧವೂ ತಿಳಿಯುತ್ತಿರಲಿಲ್ಲ. ಕೇಳಿದರೆ ಕೆಲಸ ಹೋದೀತು ಎಂದು ಯಾರನ್ನೂ ಕೇಳಿರಲಿಲ್ಲ.

"ಇಪ್ಪತ್ತು ವರ್ಷ ಅಂಜೀನವಾ. ಟಪಾಲಿನಂವ ಮೆಟ್ಟಲಾ ಹತ್ತಿದ್ರ ಎದಿ ಹೊಡಕೋತಿತ್ತು. ಅಂಜಿದಾಕಿಗಿ ಅಂಜಿದಾಕಿ ಗುರ್ತ ಸಿಗತಾಳ. ನಿನಗ ಕನ್ನಡ ಅಕ್ಷರಿಲ್ಲ, ನನಗ ಮರಾಠಿ ಕಾಗದ ತಿಳಿಯಂಗಿಲ್ಲ. ಇಬ್ಬರನೂ ಕೂಡ್ಸಿದ್ರ ಒಬ್ಬಾಕಿ ಪೂರಾ ಬಾಯಿ ಆಕ್ಕಾಳ. ಹಿಡಿ ಬಳಪ."

ಹೀಗೆ ನನ್ನ ಮೂವತ್ತೊಂದನೆಯ ವಯಸ್ಸಿನಲ್ಲಿ ಪಾಟಿಯ ಮೇಲೆ ಅ ಬಿತ್ತು. ಅರ್ಧ ತಾಸಿನಲ್ಲಿ ಅರ್ಧ ನನ್ನ ಕನ್ನಡ, ಅರ್ಧ ಅವರ ಮರಾಠಿ. ಪ ಮತ್ತು ವ ನನ್ನನ್ನು ಗೋಳುಹೊಯ್ದುಕೊಂಡವು. ಅವರಿಗೆ 'ಅನ್ವಯೇ', ಅಂದರೆ ಪ್ರಕಾರ, ಎಂಬ ಶಬ್ದದ ಮೇಲೆ ವೈರ. "ಯಾರಿದು ಅನ್ವಯಿ? ಪ್ರತಿ ಕಾಗದದಾಗೂ ಬರತಾಳಲ್ಲ!" ಅನ್ನುತ್ತಿದ್ದರು. ಒಂದು ಸಂಜೆ ಅಕ್ಕಲಕೋಟದ ಬಸ್ ಸ್ಟ್ಯಾಂಡಿನಲ್ಲಿ ಕರ್ನಾಟಕದ ಬಸ್ಸೊಂದು ಬಂದು ನಿಂತಿತು. ಹಣೆಯ ಮೇಲಿನ ಬೋರ್ಡು ತಾನಾಗಿ ಓದಿಸಿಕೊಂಡಿತು, ಇಂಡಿ. ಹತ್ತಬೇಕಾದ ನನ್ನ ಬಸ್ಸು ಹೋಗಿಬಿಟ್ಟಿತು. ಅಳುತ್ತಾ ನಿಂತಿದ್ದವಳನ್ನು ನೋಡಿ ಹಣ್ಣು ಮಾರುವವಳು ಕಿಸೆಗಳ್ಳರು ಕೈ ಹಾಕಿದರೇ ಎಂದು ಕೇಳಿದಳು.

ಈ ಮಳೆಗಾಲದಲ್ಲಿ ಬಾಯಾರಿಗೆ ಪಾರ್ಶ್ವವಾಯು ಹೊಡೆಯಿತು. ಸೊಲ್ಲಾಪುರದ ಆಸ್ಪತ್ರೆಗೆ ಸೇರಿಸಿದರು. ಬಲಗೈ ಹೋಯಿತು, ಮಾತು ಹೋಯಿತು. ಊರಿಗೆಲ್ಲ ಗಟ್ಟಿ ಓದಿಸಿದವರು ಹಾಗೆ ಸುಮ್ಮನೆ ಮಲಗಿದ್ದನ್ನು ನೋಡಿ ನನಗೆ ಓಡಿಹೋಗಬೇಕು ಅನ್ನಿಸಿತು. ನೀರು ಕುಡಿದೆ, ಖುರ್ಚಿ ಎಳೆದುಕೊಂಡೆ, ಚೀಲದಿಂದ ಒಂಟೆಯ ಪುಸ್ತಕ ತೆಗೆದೆ. ಗಟ್ಟಿಯಾಗಿ ಓದಿದೆ. ನರ್ಸು ಬಂದು ಸುಮ್ಮನಿರಲು ಹೇಳಿದಳು, ನಾನು ಕೇಳಲಿಲ್ಲ. ಮೊದಲ ಪುಟ ಮುಗಿಯುವ ಹೊತ್ತಿಗೆ ಮಂಚದ ಕಬ್ಬಿಣಕ್ಕೆ ಅವರ ಎಡಗೈಯ ಬೆರಳು ತಾಗಿತು. ಸಪ್ಪಳ ಬರಲಿಲ್ಲ. ತಿರುವಿ ಮುಂದೆ ಓದಿದೆ. ಪುಸ್ತಕ ಮುಗಿಯಲು ಮೂರು ದಿನ ಬೇಕಾಯಿತು. ನಾಲ್ಕನೆಯ ದಿನ ಮಂಚ ಖಾಲಿ ಇತ್ತು.

ಇಲ್ಲಿಯವರೆಗೆ ಬರೆದದ್ದು ಗುರುವಾರ ಮತ್ತು ಶುಕ್ರವಾರ. ಮುಂದಿನದನ್ನು ಸಭೆ ಮುಗಿಸಿ ಬಂದು ಬರೆಯುತ್ತಿದ್ದೇನೆ.

ಖುರ್ಚಿಗಳು ತುಂಬಿದ್ದವು, ಚಾಪೆಯ ಮೇಲೆ ಮಕ್ಕಳು, ಗೋಡೆಗೆ ಒರಗಿ ಹೆಂಗಸರು. ಚಪ್ಪಲಿ ಅಂಗಡಿಯವನು ಅಂಗಡಿ ಮುಚ್ಚಿ ಬಂದಿದ್ದ. ಮುಂದಿನ ಸಾಲಿನಲ್ಲಿ ಮ್ಯಾಡಮ್. ಎಂಟು ವರ್ಷ ಬಂದು ಬಂದು ಅವರಿಗೆ ಈಗ ಕನ್ನಡ ಚೆನ್ನಾಗಿ ತಿಳಿಯುತ್ತದೆ, ಅದೇ ನನ್ನ ದುರ್ದೈವ. ಬಸ್ಸಿನಲ್ಲಿಯೇ ತೀರ್ಮಾನ ಮಾಡಿಕೊಂಡಿದ್ದೆ. ಒಂದೇ ಹಾಳೆ ಓದುವುದು, ಕೈ ಮುಗಿಯುವುದು, ಕೂರುವುದು. ನಾನು ಹೋದರೆ ಕನ್ನಡದ ಪಾಳಿ ಓದಿಸುವವರು ಯಾರು? ಹೀಗೆ ನನಗೆ ನಾನೇ ನೆಪ ಹೇಳಿಕೊಂಡಿದ್ದೆ.

ಮೊದಲ ಹಾಳೆ ಓದಿದೆ. ದನಿ ಒಳಗೊಳಗೇ ಹೋಗುತ್ತಿತ್ತು. ಕೊನೆಯ ಸಾಲಿಗೆ ಬಂದು ನಿಂತೆ. ಕೈ ಮುಗಿಯಬೇಕು ಅಷ್ಟೇ. ಆದರೆ ಪುಟದ ಕೊನೆಯಲ್ಲಿ ನಿಲ್ಲುವುದು ಎಂಟು ವರ್ಷದ ರೂಢಿ, ನಿಂತು ಬಿಟ್ಟೆ, ಆ ಸಪ್ಪಳಕ್ಕಾಗಿ ಕಾದೆ. ಮೇಜು ಖಾಲಿ ಇತ್ತು. ಅಷ್ಟೊಂದು ಜನ ಇದ್ದೂ ಆ ವಾಚನಾಲಯ ಎಂದೂ ಅಷ್ಟು ಶಾಂತವಾಗಿರಲಿಲ್ಲ. ಇನ್ನು ಆ ಸಪ್ಪಳ ಬರುವುದಿಲ್ಲ ಎಂಬುದು ನನಗೆ ಆಸ್ಪತ್ರೆಯಲ್ಲಿ ತಿಳಿದಿರಲಿಲ್ಲ, ಅಲ್ಲಿ ನಿಂತಾಗ ತಿಳಿಯಿತು.

ಟಕ್.

ಹಿಂದಿನ ಸಾಲಿನಿಂದ. ಮಾಳವ್ವಜ್ಜಿ ಕೋಲನ್ನು ನೆಲದ ಫರಸಿಗೆ ಕುಟ್ಟಿದ್ದಳು.

"ಯಾಕ ನಿಂತ್ಯವಾ? ಪಾನ ತಿರುವು" ಅಂದಳು. "ಅವತ್ತ ಆ ಪೆನ್ಸಿಲ್ ಸಪ್ಪಳ ನಮಗ ಕೇಳಿದ್ದಿಲ್ಲಂತ ಮಾಡೀಯೇನ? ನಾವೇನ ಕಿವುಡರ? ಕುರಿಗಿ ಕೋಲಿನ ಸಪ್ಪಳ ಯಾಕ ಮಾಡ್ತಾರ ನನಗ ಗೊತ್ತಿಲ್ಲೇನ? ತಿರುವು. ಮತ್ತ ಗಟ್ಟಿ ಓದು, ಹಿಂದ ಏನೂ ಕೇಳಸವಲ್ದು."

ಚಾಪೆಯ ಕಡೆ ನೋಡಿದೆ. ಅವತ್ತು ಅಲ್ಲಿ ಕೂತಿದ್ದ ಮಕ್ಕಳು ಈಗ ಬೆಳೆದು ಹಿಂದೆ ನಿಂತಿದ್ದರು. ಹೆಂಗಸರ ಕಡೆ ನೋಡಿದೆ. ಒಬ್ಬರೂ ಕಣ್ಣು ತಪ್ಪಿಸಲಿಲ್ಲ. ಇವರೆಲ್ಲರಿಗೂ ಗೊತ್ತಿತ್ತು. ಎಂಟು ವರ್ಷ ಗೊತ್ತಿತ್ತು, ಯಾರೂ ಬಾಯಿ ಬಿಟ್ಟಿರಲಿಲ್ಲ. ಗೊತ್ತಿಲ್ಲದವರು ಒಬ್ಬರೇ, ಮುಂದಿನ ಸಾಲಿನಲ್ಲಿ ನನ್ನನ್ನೇ ನೋಡುತ್ತಾ ಕೂತಿದ್ದರು.

ಹಾಳೆ ತಿರುವಿದೆ. ಕೆಳಗಿನ ಬೀದಿಗೂ ಕೇಳುವಂತೆ ಓದಿದೆ:

"ಬಾಯಾರು ಮೊದಲ ಸಲ ನನ್ನ ಕೈಗೆ ಪುಸ್ತಕ ಕೊಟ್ಟಾಗ ನನಗೆ ಕನ್ನಡ ಓದಲು ಬರುತ್ತಿರಲಿಲ್ಲ."